ಉರಿ ಬೇರೆ, ಉರಿಯೂತ ಬೇರೆ: ಆಹಾರ ಮತ್ತು ಜಠರದ ಕ್ಯಾನ್ಸರ್ ಕುರಿತು ತರಗತಿಯಲ್ಲಿ ಹೇಗೆ ಹೇಳಬೇಕು?

ಕಳೆದ ವರ್ಷದ ಅಭ್ಯಾಸ ಬೋಧನೆಯಲ್ಲಿ ನನ್ನ ಮೇಲ್ವಿಚಾರಣೆಗೆ ಬಂದ ಪ್ರೌಢಶಾಲೆಗಳು ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಹರಡಿದ್ದವು. ಹುಕ್ಕೇರಿ ತಾಲ್ಲೂಕಿನ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಹತ್ತನೆಯ ತರಗತಿಗೆ 'ಜೀವಕ್ರಿಯೆಗಳು' ಘಟಕದಿಂದ ಮಾನವನಲ್ಲಿ ಜೀರ್ಣಕ್ರಿಯೆಯ ಪಾಠ ಮಾಡಿದರು. ಪಾಠ ಚೆನ್ನಾಗಿಯೇ ಸಾಗಿತ್ತು. ಕೊನೆಯ ಹತ್ತು ನಿಮಿಷದಲ್ಲಿ 'ಆರೋಗ್ಯ ಮೌಲ್ಯ'ಕ್ಕಾಗಿ ಅವರು ಒಂದು ಚಾರ್ಟ್ ತೂಗುಹಾಕಿದರು. ಎಡಬದಿಗೆ ಹಸಿರು ಬಣ್ಣದಲ್ಲಿ 'ಒಳ್ಳೆಯ ಆಹಾರ'. ಬಲಬದಿಗೆ ಕೆಂಪು ಬಣ್ಣದಲ್ಲಿ 'ಹೊಟ್ಟೆಯ ಕ್ಯಾನ್ಸರ್ ತರುವ ಆಹಾರ'. ಕೆಂಪು ಬದಿಯಲ್ಲಿ ಮೊದಲ ಚಿತ್ರ ಒಣ ಮೆಣಸಿನಕಾಯಿಯದು. ಅದರ ಕೆಳಗೆ ಉಪ್ಪಿನಕಾಯಿ, ಮಿರ್ಚಿ ಭಜಿ, ಮಾಂಸ. "ಈ ಆಹಾರ ಹೊಟ್ಟೆಯಲ್ಲಿ ಉರಿಯೂತ ಉಂಟುಮಾಡುತ್ತದೆ, ಉರಿಯೂತದಿಂದ ಕ್ಯಾನ್ಸರ್ ಬರುತ್ತದೆ" ಎಂದು ಅವರು ಎರಡು ಸಲ ಹೇಳಿ ಮಕ್ಕಳಿಂದ ಹೇಳಿಸಿದರು.

ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ನಮ್ಮ ಅಜ್ಜ ಹೊಟ್ಟಿ ಕ್ಯಾನ್ಸರ್ ಆಗಿ ತೀರಿಕೊಂಡ್ರು. ಮನ್ಯಾಗ ಅಡಿಗಿ ನಮ್ಮವ್ವನ ಮಾಡ್ತಾಳ್ರಿ. ಖಾರ ಅಕಿನ ಕುಟ್ಟಿಸಿಕೊಂಡು ಬರ್ತಾಳ. ಹಂಗಾದ್ರ ಅದು ಅಕಿ ತಪ್ಪೇನ್ರಿ?"

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ವೀಕ್ಷಣಾ ಪುಸ್ತಕದ ಕಡೆ ನೋಡಿದೆ. ಹಿಂದಿನ ದಿನ ಆ ಪಾಠಯೋಜನೆಗೆ ಸಹಿ ಹಾಕಿದ್ದವನು ನಾನೇ. ಚಾರ್ಟಿನ ಪಕ್ಕದಲ್ಲಿ 'ಸ್ಥಳೀಯ ಉದಾಹರಣೆಗಳು ಸೂಕ್ತವಾಗಿವೆ' ಎಂದು ಷರಾ ಬರೆದವನೂ ನಾನೇ. ಅಷ್ಟರಲ್ಲಿ ಗಂಟೆ ಬಾರಿಸಿತು. ಆ ಹುಡುಗಿಗೆ ಅಂದು ಉತ್ತರ ಸಿಗಲಿಲ್ಲ.

ಈ ಲೇಖನ ಆ ಉತ್ತರವನ್ನು ಹುಡುಕಿದ ಕಥೆ. ಆಹಾರಕ್ಕೂ ಉರಿಯೂತಕ್ಕೂ ಜಠರದ ಕ್ಯಾನ್ಸರ್‌ಗೂ ನಿಜವಾಗಿ ಇರುವ ನಂಟು ಯಾವುದು, ಎಷ್ಟು ಗಟ್ಟಿಯಾದದ್ದು, ಅದನ್ನು ಮಕ್ಕಳ ಮುಂದೆ ಯಾವ ಮಾತಿನಲ್ಲಿ ಇಡಬೇಕು ಎಂಬುದನ್ನು ಸಹೋದ್ಯೋಗಿಗಳ ಮತ್ತು ಪ್ರಶಿಕ್ಷಣಾರ್ಥಿಗಳ ಮುಂದಿಡುತ್ತೇನೆ.

ಪದದಲ್ಲೇ ಇರುವ ತೊಡಕು

'ಉರಿಯೂತ' ಎಂದರೆ ಉರಿ ಮತ್ತು ಊತ. ಕಾಲಿಗೆ ಮುಳ್ಳು ನೆಟ್ಟು ಕೀವಾದಾಗ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳಿಗೆ ಆ ಪದ ಚೆನ್ನಾಗಿ ಹೊಂದುತ್ತದೆ. ಆದರೆ ಜಠರದ ವಿಷಯಕ್ಕೆ ಬಂದ ಕೂಡಲೇ ಅದೇ ಪದ ದಾರಿ ತಪ್ಪಿಸುತ್ತದೆ. ಮೂರೂ ತಾಲ್ಲೂಕುಗಳ ಶಾಲೆಗಳಲ್ಲಿ ಮುಂದಿನ ವಾರಗಳಲ್ಲಿ ನಾವು 'ಉರಿಯೂತ ಎಂದರೇನು?' ಎಂಬ ಒಂದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಸಿದೆವು. ಹೆಚ್ಚಿನ ಮಕ್ಕಳು ಬರೆದದ್ದು 'ಖಾರ ತಿಂದರೆ ಹೊಟ್ಟೆ ಉರಿಯುವುದು', 'ಎದೆಯುರಿ', 'ಆಸಿಡಿಟಿ'. ಹೀಗೆ ಬರೆದ ಪ್ರಶಿಕ್ಷಣಾರ್ಥಿಗಳೂ ಇದ್ದರು.

ಮೆಣಸಿನಕಾಯಿಯ ಉರಿ ಎಲ್ಲಿಂದ ಬರುತ್ತದೆ? ಅದರಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು, ಬಿಸಿಯನ್ನು ಗುರುತಿಸಲೆಂದೇ ನಮ್ಮ ನರಗಳ ತುದಿಯಲ್ಲಿರುವ ಗ್ರಾಹಕವನ್ನು ಎಚ್ಚರಿಸುತ್ತದೆ. ಮಿದುಳಿಗೆ 'ಸುಡುತ್ತಿದೆ' ಎಂಬ ಸುದ್ದಿ ಹೋಗುತ್ತದೆ. ನಿಜವಾಗಿ ಏನೂ ಸುಟ್ಟಿರುವುದಿಲ್ಲ. ಈ ಗ್ರಾಹಕವನ್ನು ಗುರುತಿಸಿದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಅಂದರೆ ಖಾರದ ಉರಿ ಒಂದು ಸಂವೇದನೆ.

ಉರಿಯೂತ ಸಂವೇದನೆಯಲ್ಲ, ದೇಹದ ರಕ್ಷಣಾ ಕೆಲಸ. ಗಾಯವಾದ ಅಥವಾ ಸೋಂಕು ತಗಲಿದ ಜಾಗಕ್ಕೆ ಬಿಳಿ ರಕ್ತಕಣಗಳು ಧಾವಿಸಿ, ರಾಸಾಯನಿಕ ಸಂಕೇತಗಳನ್ನು ಬಿಟ್ಟು, ರೋಗಾಣುಗಳನ್ನು ಕೊಂದು, ಹಾಳಾದ ಜೀವಕೋಶಗಳನ್ನು ತೆಗೆಯುತ್ತವೆ. ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿ ಪಠ್ಯದಲ್ಲಿ ಬಹುಕಾಲ ಇದ್ದ ಕಾಯಿಲೆಗಳ ಅಧ್ಯಾಯದಲ್ಲಿ ಇದೇ ವಿವರಣೆ ಇತ್ತು. ಕೆಲಸ ಮುಗಿದ ಮೇಲೆ ಉರಿಯೂತ ಇಳಿದರೆ ಅದು ಒಳ್ಳೆಯದು. ಇಳಿಯದೆ ವರ್ಷಗಟ್ಟಲೆ ಉಳಿದರೆ ಅಲ್ಲಿ ತೊಂದರೆ ಶುರುವಾಗುತ್ತದೆ.

ಜಠರದಲ್ಲಿ ಈ ದೀರ್ಘಕಾಲದ ಉರಿಯೂತ ಹೆಚ್ಚಾಗಿ ಸದ್ದಿಲ್ಲದೆ ಇರುತ್ತದೆ. ನೋವಿಲ್ಲ, ಉರಿಯಿಲ್ಲ. ಹೀಗಾಗಿ ಉರಿಯೂತವಿಲ್ಲದೆ ಉರಿ ಇರಬಹುದು, ಉರಿಯಿಲ್ಲದೆ ಉರಿಯೂತ ಇರಬಹುದು. ಈ ಒಂದು ವಾಕ್ಯ ಕಪ್ಪುಹಲಗೆಯ ಮೇಲೆ ಬಂದಿದ್ದರೆ ನಮ್ಮ ಚಾರ್ಟಿನ ಕೆಂಪು ಬದಿಯಲ್ಲಿ ಮೆಣಸಿನಕಾಯಿ ಮೊದಲ ಸ್ಥಾನಕ್ಕೆ ಬರುತ್ತಿರಲಿಲ್ಲ.

ಜಠರದ ಒಳಪದರದಲ್ಲಿ ಆಗುವುದೇನು?

ಜಠರದ ಗೋಡೆಯ ಒಳಪದರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಪೆಪ್ಸಿನ್ ಮತ್ತು ಲೋಳೆ ಸ್ರವಿಸುವ ಗ್ರಂಥಿಗಳಿವೆ ಎಂದು ಹತ್ತನೆಯ ತರಗತಿಯ ಪಠ್ಯ ಹೇಳುತ್ತದೆ. ಲೋಳೆಯ ಪದರ ಆಮ್ಲದಿಂದ ಗೋಡೆಯನ್ನು ಕಾಪಾಡುತ್ತದೆ ಎಂದೂ ಹೇಳುತ್ತದೆ. ನಮ್ಮ ವಿವರಣೆ ಅಲ್ಲಿಂದಲೇ ಮುಂದುವರಿಯಬಹುದು.

ಆ ಲೋಳೆಯೊಳಗೆ ಮನೆ ಮಾಡಿಕೊಳ್ಳುವ ಒಂದು ಸುರುಳಿಯಾಕಾರದ ಬ್ಯಾಕ್ಟೀರಿಯ ಇದೆ: ಹೆಲಿಕೋಬ್ಯಾಕ್ಟರ್ ಪೈಲೋರಿ. ಆಸ್ಟ್ರೇಲಿಯದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1980ರ ದಶಕದ ಆರಂಭದಲ್ಲಿ ಇದನ್ನು ಜಠರದ ಉರಿಯೂತದೊಂದಿಗೆ ಜೋಡಿಸಿ ತೋರಿಸಿದರು. ಆಮ್ಲದಲ್ಲಿ ಬ್ಯಾಕ್ಟೀರಿಯ ಬದುಕಲಾರದು ಎಂದು ಹೆಚ್ಚಿನವರು ನಂಬಿದ್ದ ಕಾಲ ಅದು. 1984ರಲ್ಲಿ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯದ ದ್ರಾವಣ ಕುಡಿದರು; ಕೆಲವೇ ದಿನಗಳಲ್ಲಿ ಅವರ ಜಠರದಲ್ಲಿ ಉರಿಯೂತ ಕಾಣಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಈ ಬ್ಯಾಕ್ಟೀರಿಯವನ್ನು ಮಾನವನಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತ್ತು.

ಸೋಂಕಿನಿಂದ ಕ್ಯಾನ್ಸರ್‌ವರೆಗಿನ ದಾರಿಯನ್ನು ಹಂತಗಳಾಗಿ ಬಿಡಿಸಿ ತೋರಿಸಿದವರು ಕೊಲಂಬಿಯ ಮೂಲದ ರೋಗಶಾಸ್ತ್ರಜ್ಞ ಪೆಲಾಯೊ ಕೊರಿಯಾ. ಅವರ ಮಾದರಿಯನ್ನು ಐದು ಮೆಟ್ಟಿಲುಗಳಾಗಿ ಬರೆಯಬಹುದು. ಮೊದಲನೆಯದು, ದೀರ್ಘಕಾಲದ ಉರಿಯೂತ. ಎರಡನೆಯದು, ಗ್ರಂಥಿಗಳು ಸವೆದು ಒಳಪದರ ತೆಳುವಾಗುವುದು. ಮೂರನೆಯದು, ಜಠರದ ಜೀವಕೋಶಗಳ ಜಾಗದಲ್ಲಿ ಕರುಳಿನ ಜೀವಕೋಶಗಳಂತಹವು ಕಾಣಿಸಿಕೊಳ್ಳುವುದು. ನಾಲ್ಕನೆಯದು, ಜೀವಕೋಶಗಳ ಆಕಾರ ಮತ್ತು ಜೋಡಣೆ ಕೆಡುವುದು. ಐದನೆಯದು, ಕ್ಯಾನ್ಸರ್. ಈ ದಾರಿ ಕ್ರಮಿಸಲು ಹಲವು ದಶಕಗಳು ಬೇಕು. ಬಹುತೇಕ ಜನ ಮೊದಲ ಮೆಟ್ಟಿಲಲ್ಲೇ ಉಳಿಯುತ್ತಾರೆ. ಸೋಂಕು ಇರುವ ನೂರು ಜನರಲ್ಲಿ ಸುಮಾರು 1ರಿಂದ 3 ಜನರಿಗೆ ಮಾತ್ರ ಜೀವಿತಾವಧಿಯಲ್ಲಿ ಜಠರದ ಕ್ಯಾನ್ಸರ್ ಬರುತ್ತದೆ ಎಂಬುದು ಸಾಮಾನ್ಯ ಅಂದಾಜು. ಭಾರತದಲ್ಲಿ ಈ ಸೋಂಕು ಬಹಳ ವ್ಯಾಪಕ, ಅದೂ ಬಾಲ್ಯದಲ್ಲೇ ತಗಲುವಂಥದ್ದು. ಆದರೂ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ನಮ್ಮಲ್ಲಿ ಜಠರದ ಕ್ಯಾನ್ಸರ್ ಪ್ರಮಾಣ ಕಡಿಮೆ.

ಹಾಗಾದರೆ ಕೆಲವರನ್ನು ಮುಂದಿನ ಮೆಟ್ಟಿಲಿಗೆ ನೂಕುವುದು ಯಾವುದು? ಬ್ಯಾಕ್ಟೀರಿಯದ ತಳಿ, ಅನುವಂಶೀಯತೆ, ವಯಸ್ಸು, ತಂಬಾಕು ಇವುಗಳ ಸಾಲಿನಲ್ಲಿ ಆಹಾರವೂ ಒಂದು. ಒಂದು ಮಾತ್ರ. ಇದನ್ನು ಮರೆತದ್ದು ನಮ್ಮ ಚಾರ್ಟಿನ ಎರಡನೆಯ ತಪ್ಪು.

ಆಹಾರ ಕೈಹಾಕುವ ಜಾಗಗಳು

ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಉಪ್ಪಿನ ಮೇಲೆ, ಅದರಲ್ಲೂ ಉಪ್ಪಿನಲ್ಲಿ ಬಹುಕಾಲ ಇಟ್ಟ ಆಹಾರದ ಮೇಲೆ. ಹೆಚ್ಚು ಉಪ್ಪು ಜಠರದ ಲೋಳೆಯ ಪದರವನ್ನು ಹಾಳುಮಾಡುತ್ತದೆ. ಬ್ಯಾಕ್ಟೀರಿಯಕ್ಕೆ ಅನುಕೂಲ ಮಾಡಿಕೊಡುತ್ತದೆ. ಗೋಡೆಯ ಜೀವಕೋಶಗಳು ಮೇಲಿಂದ ಮೇಲೆ ವಿಭಜನೆಯಾಗುವಂತೆ ಮಾಡುತ್ತದೆ. ಜಪಾನಿನಲ್ಲಿ ಮನೆಮನೆಗೆ ರೆಫ್ರಿಜರೇಟರ್ ಬಂದು, ಉಪ್ಪಿನಲ್ಲಿ ಕೆಡದಂತೆ ಇಟ್ಟ ಮೀನು ತರಕಾರಿಗಳ ಬಳಕೆ ತಗ್ಗಿದಂತೆ ಜಠರದ ಕ್ಯಾನ್ಸರ್ ಪ್ರಮಾಣವೂ ಇಳಿಯುತ್ತ ಬಂತು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಪ್ರಮಾಣ ಅತಿ ಹೆಚ್ಚಿರುವುದು ಮಿಜೋರಾಂನಲ್ಲಿ. ಅಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸ, ಹುದುಗಿಸಿದ ಹಂದಿಕೊಬ್ಬು ಮತ್ತು ತಂಬಾಕಿನ ಹೊಗೆ ಹಾಯಿಸಿದ ನೀರಿನ ಬಳಕೆಯ ಮೇಲೆ ಸಂಶೋಧಕರ ಗಮನ ಹರಿದಿದೆ.

ಎರಡನೆಯದು ನೈಟ್ರೈಟ್. ಸಂಸ್ಕರಿಸಿದ ಮಾಂಸ ಕೆಡದಿರಲು ಇದನ್ನು ಸೇರಿಸುತ್ತಾರೆ. ಜಠರದಲ್ಲಿ ಇದು ಪ್ರೋಟೀನಿನ ತುಣುಕುಗಳೊಂದಿಗೆ ಕೂಡಿ ಎನ್-ನೈಟ್ರೋಸೊ ಸಂಯುಕ್ತಗಳಾಗುತ್ತದೆ; ಇವು ಡಿಎನ್‌ಎಗೆ ಹಾನಿ ಮಾಡಬಲ್ಲವು. ಗ್ರಂಥಿಗಳು ಸವೆದು ಆಮ್ಲ ಕಡಿಮೆಯಾದ ಜಠರದಲ್ಲಿ ಬೇರೆ ಬ್ಯಾಕ್ಟೀರಿಯಗಳೂ ಸೇರಿಕೊಂಡು ಈ ಕ್ರಿಯೆಯನ್ನು ಹೆಚ್ಚಿಸುತ್ತವೆ. ವಿಟಮಿನ್ ಸಿ ಇದೇ ಕ್ರಿಯೆಯನ್ನು ತಡೆಯುತ್ತದೆ. ಹಣ್ಣು, ಹಸಿ ತರಕಾರಿಗಳ ಮಹತ್ವ ಇಲ್ಲಿ ಬರುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು: ಸಂಸ್ಕರಿಸಿದ ಮಾಂಸ ಎಂದರೆ ಉಪ್ಪು, ನೈಟ್ರೈಟ್ ಹಾಕಿ ಅಥವಾ ಹೊಗೆಯಾಡಿಸಿ ಇಟ್ಟ ಸಾಸೇಜ್, ಬೇಕನ್‌ನಂಥವು. ನಮ್ಮ ಚಾರ್ಟ್ 'ಮಾಂಸ' ಎಂದಷ್ಟೇ ಬರೆದಿತ್ತು. ಮಾಂಸ ತಿನ್ನುವ ಮನೆಯ ಮಕ್ಕಳೂ ತಿನ್ನದ ಮನೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುವಾಗ ಇಂಥ ಅರ್ಧ ಮಾತು ವಿಜ್ಞಾನಕ್ಕೂ ಅನ್ಯಾಯ, ತರಗತಿಗೂ ಅನ್ಯಾಯ.

ತಂಬಾಕು ಸೇವನೆಯನ್ನು ಆಹಾರದ ಪಾಠದಿಂದ ಹೊರಗಿಡಬಾರದು. ಧೂಮಪಾನ ಜಠರದ ಕ್ಯಾನ್ಸರ್‌ನ ದೃಢಪಟ್ಟ ಕಾರಣಗಳಲ್ಲಿ ಒಂದು. ನಿಪ್ಪಾಣಿಯ ಬೀಡಿ ತಂಬಾಕಿನ ಪೇಟೆ ಹುಕ್ಕೇರಿಯಿಂದ ದೂರವಿಲ್ಲ. ನಮ್ಮ ಮಕ್ಕಳಿಗೆ ಬೀಡಿ ಹೊಸ ವಸ್ತುವಲ್ಲ. ಅಧಿಕ ಮದ್ಯಪಾನವೂ ಅಪಾಯ ಹೆಚ್ಚಿಸುತ್ತದೆ. ನಮ್ಮ ಚಾರ್ಟಿನಲ್ಲಿ ಈ ಎರಡೂ ಇರಲಿಲ್ಲ.

ಇನ್ನು ಮೆಣಸಿನಕಾಯಿ. 1994ರಲ್ಲಿ ಪ್ರಕಟವಾದ ಮೆಕ್ಸಿಕೊ ನಗರದ ಅಧ್ಯಯನವೊಂದು ಮೆಣಸಿನಕಾಯಿ ತಿನ್ನುವವರಲ್ಲಿ ಜಠರದ ಕ್ಯಾನ್ಸರ್ ಹೆಚ್ಚು ಎಂದಿತು. ಬೇರೆ ಕಡೆಯ ಅಧ್ಯಯನಗಳೆಲ್ಲ ಅದೇ ಮಾತು ಹೇಳಲಿಲ್ಲ. ಮಿತವಾಗಿ ತಿಂದರೆ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಎಷ್ಟು ತಿಂದರೂ ಏನೂ ಆಗದು ಎನ್ನಲೂ ಆಧಾರವಿಲ್ಲ. ಸಂಕೇಶ್ವರದ ಮೆಣಸಿನಕಾಯಿಯನ್ನು ನಂಬಿ ಬದುಕುವ ಮನೆಗಳ ಮಕ್ಕಳ ಮುಂದೆ ಅದರ ಚಿತ್ರವನ್ನು ಕೆಂಪು ಬದಿಯಲ್ಲಿ ಮೊದಲಿಗೆ ಅಂಟಿಸುವ ಹಕ್ಕು ನಮಗೆ ಇರಲಿಲ್ಲ.

ಆಹಾರದ ಉರಿಯೂತ ಸೂಚ್ಯಂಕ

ಇತ್ತೀಚಿನ ವರ್ಷಗಳಲ್ಲಿ ಸಂಶೋಧಕರು ಒಂದೊಂದೇ ಪದಾರ್ಥದ ಬದಲು ಇಡೀ ಊಟದ ಪದ್ಧತಿಯನ್ನು ಅಳೆಯಲು ನೋಡುತ್ತಿದ್ದಾರೆ. 2014ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ನಿತಿನ್ ಶಿವಪ್ಪ, ಜೇಮ್ಸ್ ಹೆಬರ್ಟ್ ಮತ್ತು ಸಂಗಡಿಗರು ಆಹಾರದ ಉರಿಯೂತ ಸೂಚ್ಯಂಕದ ಪರಿಷ್ಕೃತ ರೂಪ ಪ್ರಕಟಿಸಿದರು. 1950ರಿಂದ 2010ರವರೆಗಿನ 1,943 ಸಂಶೋಧನಾ ಲೇಖನಗಳನ್ನು ಪರಿಶೀಲಿಸಿ, ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಆರು ವಸ್ತುಗಳ ಮೇಲೆ 45 ಆಹಾರಾಂಶಗಳ ಪರಿಣಾಮವನ್ನು ಅವರು ಅಂಕಗಳಾಗಿ ಬರೆದರು. ಒಟ್ಟು ಅಂಕ ಧನವಾಗಿದ್ದರೆ ಊಟ ಉರಿಯೂತ ಹೆಚ್ಚಿಸುವ ಕಡೆ, ಋಣವಾಗಿದ್ದರೆ ತಗ್ಗಿಸುವ ಕಡೆ ಎಂದು ಅರ್ಥ. ಸಂತೃಪ್ತ ಕೊಬ್ಬು, ಟ್ರಾನ್ಸ್ ಕೊಬ್ಬು ಧನದ ಕಡೆ ಬರುತ್ತವೆ. ನಾರಿನಂಶ, ವಿಟಮಿನ್ ಸಿ ಮತ್ತು ಇ, ಮೆಗ್ನೀಸಿಯಂ, ಅರಿಸಿನ, ಬೆಳ್ಳುಳ್ಳಿ, ಶುಂಠಿ, ಉಳ್ಳಾಗಡ್ಡಿ, ಚಹಾ ಋಣದ ಕಡೆ ಬರುತ್ತವೆ.

ಈ ಸೂಚ್ಯಂಕವನ್ನು ಜಠರದ ಕ್ಯಾನ್ಸರ್‌ಗೆ ಹಚ್ಚಿ ನೋಡಿದ ಇಟಲಿಯ ಅಧ್ಯಯನವೊಂದರಲ್ಲಿ, ಹೆಚ್ಚು ಅಂಕದ ಊಟದವರಲ್ಲಿ ಅಪಾಯ ಕಡಿಮೆ ಅಂಕದವರಿಗಿಂತ ಸುಮಾರು ಎರಡು ಪಟ್ಟಿಗೂ ಮಿಕ್ಕಿ ಕಂಡಿತು. ಆದರೆ ಇದು ರೋಗ ಬಂದವರನ್ನೂ ಬಾರದವರನ್ನೂ ಕೇಳಿ, ಹಿಂದಿನ ಊಟ ನೆನಪಿಸಿಕೊಳ್ಳಲು ಹೇಳಿದ ಅಧ್ಯಯನ. ನೆನಪು ತಪ್ಪಬಹುದು. ಅಲ್ಲದೆ ಹೊಟ್ಟೆಯ ತೊಂದರೆ ಶುರುವಾದವರು ಊಟ ಮೊದಲೇ ಬದಲಿಸಿರುತ್ತಾರೆ. ಯುರೋಪಿನ ಹತ್ತು ದೇಶಗಳ ಸುಮಾರು 4.76 ಲಕ್ಷ ಜನರ ಊಟವನ್ನು ಮೊದಲೇ ದಾಖಲಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಇದೇ ಬಗೆಯ ಇನ್ನೊಂದು ಅಂಕವನ್ನು ಬಳಸಿದ ಆ ಅಧ್ಯಯನದಲ್ಲಿ 913 ಜನರಿಗೆ ಜಠರದ ಕ್ಯಾನ್ಸರ್ ಬಂದಿತ್ತು. ಉರಿಯೂತದ ಅಂಕ ಒಂದು ಮಾನಕ ವಿಚಲನೆಯಷ್ಟು ಏರಿದಾಗ ಅಪಾಯ ಸುಮಾರು ಶೇ. 25ರಷ್ಟು ಏರಿತ್ತು. ನಂಟು ಉಳಿಯಿತು, ಆದರೆ ಸಣ್ಣದಾಯಿತು. ಸಾಂಖ್ಯಿಕ ಪಾಠದಲ್ಲಿ ಮಾನಕ ವಿಚಲನೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇನ್ನೊಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಆ 45 ಅಂಶಗಳ ಪಟ್ಟಿಯಲ್ಲಿ ಉಪ್ಪು ಇಲ್ಲ. ಜಠರದ ಕ್ಯಾನ್ಸರ್ ವಿಷಯದಲ್ಲಿ ಅತಿ ಮುಖ್ಯವಾದ ಆಹಾರಾಂಶವೇ ಆ ಅಳತೆಗೋಲಿನ ಹೊರಗಿದೆ. 'ಉರಿಯೂತದ ಆಹಾರ' ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ತುರುಕಿದರೆ ಏನು ಬಿಟ್ಟುಹೋಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ತಟ್ಟೆಯನ್ನು ನೋಡೋಣ

ಈಗ ಗೋಕಾಕ, ಮೂಡಲಗಿ, ಹುಕ್ಕೇರಿಯ ಊಟದ ತಟ್ಟೆಗೆ ಬರೋಣ. ಜೋಳದ ರೊಟ್ಟಿ, ಕಾಳಿನ ಪಲ್ಲೆ, ಮೆಂತ್ಯ ಅಥವಾ ಪುಂಡಿ ಪಲ್ಲೆ, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೊಸರು, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ನಾರಿನಂಶ ಇದೆ, ಹಸಿರು ಸೊಪ್ಪು ಇದೆ, ಕಾಳು ಇದೆ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇದೆ. ಸೂಚ್ಯಂಕದ ಭಾಷೆಯಲ್ಲಿ ಹೇಳಿದರೆ ಇದು ಉರಿಯೂತ ತಗ್ಗಿಸುವ ಕಡೆಗೆ ವಾಲುವ ಊಟ. ನಮ್ಮ ಚಾರ್ಟಿನ ಹಸಿರು ಬದಿಯಲ್ಲಿ ಸೇಬು, ಬ್ರೊಕೊಲಿ, ಓಟ್ಸ್ ಚಿತ್ರಗಳಿದ್ದವು. ರೊಟ್ಟಿ ಪಲ್ಲೆ ಇರಲಿಲ್ಲ. ಮಕ್ಕಳ ಮನೆಯ ಊಟ ಕಾಣಿಸಿದ್ದು ಕೆಂಪು ಬದಿಯಲ್ಲಿ ಮಾತ್ರ.

ಹಾಗೆಂದು ತಟ್ಟೆಯಲ್ಲಿ ದೋಷವೇ ಇಲ್ಲವೆಂದಲ್ಲ. ರಂಜಕ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಹಿಂಡಿ ಎಲ್ಲದರಲ್ಲೂ ಉಪ್ಪಿದೆ. ಒಂದೊಂದೂ ಸ್ವಲ್ಪವೇ; ಕೂಡಿದರೆ ಬಹಳ. ರಂಜಕದಲ್ಲಿ ಕಣ್ಣಿಗೆ ಬೀಳುವುದು ಮೆಣಸಿನಕಾಯಿ, ಕಣ್ಣಿಗೆ ಬೀಳದೆ ಇರುವುದು ಅದನ್ನು ವರ್ಷವಿಡೀ ಕೆಡದಂತೆ ಕಾಯುವ ಉಪ್ಪು. ಜೊತೆಗೆ ಬಸ್ ನಿಲ್ದಾಣದ ಭಜಿಯ ಎಣ್ಣೆ, ಸಂಜೆಯ ಪೊಟ್ಟಣದ ಚಿಪ್ಸ್, ಬೇಕರಿ ತಿನಿಸು ಇವು ಹೊಸದಾಗಿ ತಟ್ಟೆಗೆ ಸೇರಿವೆ. ಹಬ್ಬಕ್ಕೊಮ್ಮೆ ತಿನ್ನುವ ಕರದಂಟಿನ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಅಂಟು, ಒಣಹಣ್ಣು, ಕೊಬ್ಬರಿ, ಬೆಲ್ಲ ಇರುವ ಆ ತಿನಿಸನ್ನು ಅಪರೂಪಕ್ಕೆ ತಿಂದರೆ ಜಠರದ ಕ್ಯಾನ್ಸರ್ ಲೆಕ್ಕದಲ್ಲಿ ಅದು ದೊಡ್ಡ ಸಂಗತಿಯಲ್ಲ. ದಿನನಿತ್ಯದ ಪದ್ಧತಿ ಮುಖ್ಯ, ಒಂದು ದಿನದ ತುತ್ತಲ್ಲ.

ಗುರಿ ಏನಿರಬೇಕು? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇದೆ. ಕೂಲಿಯ ಮನೆಯಲ್ಲಿ ಇಷ್ಟು ತರಕಾರಿ ಕೊಳ್ಳುವುದು ಸುಲಭವಲ್ಲ ಎಂಬುದನ್ನೂ ಶಿಕ್ಷಕರು ಬಾಯಿಬಿಟ್ಟು ಹೇಳಬೇಕು. ಊಟದ ಆಯ್ಕೆ ಬಹಳ ಸಲ ಮನಸ್ಸಿನದಲ್ಲ, ಕಿಸೆಯದು.

ತರಗತಿಯಲ್ಲಿ ಮಾಡಿ ನೋಡಿದ ಮೂರು ಚಟುವಟಿಕೆಗಳು

ಮುಂದಿನ ವಾರಗಳಲ್ಲಿ ಅದೇ ಪ್ರಶಿಕ್ಷಣಾರ್ಥಿ ಮತ್ತು ಅವರ ಇಬ್ಬರು ಸಂಗಾತಿಗಳು ಚಾರ್ಟನ್ನು ಬಿಟ್ಟು ಬೇರೆ ರೀತಿ ಯೋಜಿಸಿದರು.

ಮೊದಲನೆಯದು, ಉಪ್ಪಿನ ಲೆಕ್ಕ. ಐದು ಜನರ ಒಂದು ಕಲ್ಪಿತ ಮನೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಎಂದರೆ ಮನೆಗೆ 25 ಗ್ರಾಂ. ಒಂದು ಕಿಲೋ ಉಪ್ಪಿನ ಪೊಟ್ಟಣ ಎಷ್ಟು ದಿನ ಬರಬೇಕು? 40 ದಿನ. 20 ದಿನಕ್ಕೇ ಮುಗಿದರೆ ಒಬ್ಬರಿಗೆ ಎಷ್ಟಾಯಿತು? 10 ಗ್ರಾಂ. ಮೂಡಲಗಿ ತಾಲ್ಲೂಕಿನ ಶಾಲೆಯಲ್ಲಿ ಒಬ್ಬ ಹುಡುಗ ಕೂಡಲೇ ತಗಾದೆ ತೆಗೆದ: "ಸರ್, ಎಮ್ಮಿಗೂ ಉಪ್ಪು ಹಾಕ್ತೀವ್ರಿ, ಅದನ್ನ ಕಳೀಬೇಕಲ್ರಿ?" ಆ ತಗಾದೆಯೇ ಆ ದಿನದ ಒಳ್ಳೆಯ ವಿಜ್ಞಾನ. ಅಳತೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಕೇಳುವುದನ್ನು ಅವನು ತಾನಾಗಿಯೇ ಕಂಡುಕೊಂಡಿದ್ದ. ಮನೆ ಕಲ್ಪಿತವಾಗಿಯೇ ಇರಲಿ. ನಿಮ್ಮ ಮನೆಯಲ್ಲಿ ಎಷ್ಟು ಎಂದು ಎಲ್ಲರ ಮುಂದೆ ಕೇಳುವುದು ಬೇಡ.

ಎರಡನೆಯದು, ಪೊಟ್ಟಣ ಓದುವುದು. ತಿನಿಸಿನ ಪೊಟ್ಟಣಗಳ ಮೇಲೆ ಸೋಡಿಯಂ ಎಂದು ಬರೆದಿರುತ್ತದೆ, ಉಪ್ಪು ಎಂದಲ್ಲ. ಸೋಡಿಯಂ ಪ್ರಮಾಣವನ್ನು 2.5ರಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ, 30 ಗ್ರಾಂ ಪೊಟ್ಟಣದಲ್ಲಿ 240 ಮಿಲಿಗ್ರಾಂ; ಉಪ್ಪಿನ ಲೆಕ್ಕದಲ್ಲಿ 0.6 ಗ್ರಾಂ. ಗೋಕಾಕದ ಶಾಲೆಯಲ್ಲಿ ಮಕ್ಕಳು ಖಾಲಿ ಪೊಟ್ಟಣಗಳನ್ನು ತಂದು ಕೋಷ್ಟಕ ಮಾಡಿದರು. ಶಾಲೆಯ ಆವರಣವೂ ಸ್ವಚ್ಛವಾಯಿತು.

ಮೂರನೆಯದು, ಜೋಳದ ಕಾಳಿನಿಂದ ಅಪಾಯದ ಪಾಠ. ಸಾವಿರ ಕಾಳು ಎಣಿಸಿ ಹಾಸಿ. ಕಲ್ಪನೆಗಾಗಿ, ಅದರಲ್ಲಿ 5 ಕಾಳಿಗೆ ಕೆಂಪು ಬಣ್ಣ ಹಚ್ಚಿ: ಸಾವಿರ ಜನರಲ್ಲಿ ಐವರಿಗೆ ರೋಗ. ಈಗ 'ಅಪಾಯ ಎರಡು ಪಟ್ಟಾಯಿತು' ಎಂದು ಹೇಳಿ ಇನ್ನೂ 5 ಕಾಳಿಗೆ ಬಣ್ಣ ಹಚ್ಚಿ. ಉಳಿದ 990 ಕಾಳು ಹಾಗೆಯೇ ಇವೆ. ಎರಡು ಪಟ್ಟು ಎಂಬ ಮಾತು ಸುಳ್ಳಲ್ಲ. ಹಾಗೆಂದು ತಿಂದವರಿಗೆಲ್ಲ ರೋಗ ಎಂಬ ಅರ್ಥವೂ ಅಲ್ಲ. ಆಮೇಲೆ ಮಕ್ಕಳನ್ನು ಕೇಳಿ: ಬಣ್ಣ ಹಚ್ಚಿದ ಹತ್ತು ಕಾಳುಗಳಲ್ಲಿ ಯಾವ ಐದು ಆಹಾರದಿಂದ ಆದವು, ಹೇಳಬಲ್ಲಿರಾ? ಯಾರೂ ಹೇಳಲಾರರು. ಒಬ್ಬ ರೋಗಿಯನ್ನು ತೋರಿಸಿ 'ಇವರಿಗೆ ಇದರಿಂದಲೇ ಬಂತು' ಎಂದು ಹೇಳಲಾಗದು ಎಂಬುದನ್ನು ಮಕ್ಕಳು ಹೀಗೆ ಕಣ್ಣಾರೆ ಕಾಣುತ್ತಾರೆ.

ಪಾಠದ ಕೊನೆಗೆ ಹೆದರಿಕೆಯ ಬದಲು ಉಪಯೋಗದ ಮಾಹಿತಿ ಇರಲಿ. ಎರಡು ಮೂರು ವಾರ ಬಿಡದ ಅಜೀರ್ಣ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ರಕ್ತವಾಂತಿ, ಕಪ್ಪು ಮಲ ಇವು ಕಂಡರೆ ಹಿರಿಯರು ಗುಳಿಗೆ ನುಂಗಿ ಸುಮ್ಮನಿರದೆ ವೈದ್ಯರಲ್ಲಿಗೆ ಹೋಗಬೇಕು. ಎಂಡೋಸ್ಕೋಪಿಯಿಂದ ಒಳಪದರವನ್ನು ನೇರವಾಗಿ ನೋಡಬಹುದು. ಹೆಲಿಕೋಬ್ಯಾಕ್ಟರ್ ಸೋಂಕಿಗೆ ಔಷಧವಿದೆ. ವೈದ್ಯರು ಬರೆದುಕೊಟ್ಟಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೂ ನೆರವಿದೆ. ಇಂಥ ಮಾತು ಮಗುವಿನ ಮೂಲಕ ಮನೆಗೆ ಹೋದರೆ ಯಾರಿಗಾದರೂ ನೆರವಾದೀತು.

ಆ ಹುಡುಗಿಗೆ ಕೊಟ್ಟ ಉತ್ತರ

ಹುಕ್ಕೇರಿ ತಾಲ್ಲೂಕಿನ ಆ ಶಾಲೆಗೆ ನಾವು ಮತ್ತೆ ಹೋದೆವು. ಮುಖ್ಯೋಪಾಧ್ಯಾಯರನ್ನು ಕೇಳಿ ಒಂದು ಅವಧಿ ಪಡೆದೆವು. ಪ್ರಶಿಕ್ಷಣಾರ್ಥಿ ಮೊದಲಿಗೆ ಹಳೆಯ ಚಾರ್ಟನ್ನೇ ತೂಗುಹಾಕಿ, "ಇದರಲ್ಲಿ ನಾನು ತಪ್ಪು ಮಾಡಿದ್ದೇನೆ, ಎಲ್ಲೆಲ್ಲಿ ಎಂದು ಸೇರಿ ಹುಡುಕೋಣ" ಎಂದರು. ಕಾಳಿನ ಚಟುವಟಿಕೆ ಮುಗಿದ ಮೇಲೆ ಆ ಹುಡುಗಿಯ ಹೆಸರು ಹಿಡಿಯದೆ ಇಡೀ ತರಗತಿಗೆ ಹೇಳಿದರು: "ಯಾರ ಮನೆಯಲ್ಲಿ ಯಾರಿಗೆ ಈ ರೋಗ ಬಂದಿದ್ದರೂ ಅದು ಅಡಿಗೆ ಮಾಡಿದವರ ತಪ್ಪಲ್ಲ. ಒಂದು ಕಾರಣದಿಂದ ಬರುವ ರೋಗ ಇದಲ್ಲ. ಬಂದ ಮೇಲೆ ಕಾರಣ ಇದೇ ಎಂದು ಬೊಟ್ಟು ಮಾಡಲು ಡಾಕ್ಟರಿಗೂ ಆಗುವುದಿಲ್ಲ. ಮುಂದೆ ನಾವು ಮಾಡಬಹುದಾದದ್ದು ಇದೆ: ಉಪ್ಪು ಸ್ವಲ್ಪ ಕಡಿಮೆ, ಪಲ್ಲೆ ಸ್ವಲ್ಪ ಜಾಸ್ತಿ, ತಂಬಾಕು ಬೇಡವೇ ಬೇಡ."

ಅವಧಿ ಮುಗಿದು ಹೊರಗೆ ಬರುವಾಗ ಆ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. "ಮೇಡಂ, ನಮ್ಮವ್ವಗ ನಾ ಅವತ್ತ ಹೇಳಿಬಿಟ್ಟಿದ್ನಿರಿ. ಅಕಿ ಅಳಾಕತ್ತಿದ್ಲು. ಇವತ್ತ ಇದನ್ನೂ ಹೇಳ್ತೀನಿ" ಎಂದಳು.

ಮೊದಲ ಪಾಠ ಅದಾಗಲೇ ಮನೆ ಮುಟ್ಟಿತ್ತು ಎಂಬುದು ನಮಗೆ ಆಗ ತಿಳಿಯಿತು. ವಾರಗಟ್ಟಲೆ ಒಬ್ಬ ತಾಯಿ ಆ ಮಾತನ್ನು ಹೊತ್ತುಕೊಂಡಿದ್ದಳು. ಅದಕ್ಕೆ ನನ್ನ ಸಹಿಯೂ ಇತ್ತು.

ಈಗ ಆರೋಗ್ಯದ ವಿಷಯ ಬರುವ ಯಾವ ಪಾಠಯೋಜನೆ ನನ್ನ ಮೇಜಿಗೆ ಬಂದರೂ ಸಹಿಗೆ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. 'ತರುತ್ತದೆ' ಎಂದು ಬರೆದ ಜಾಗದಲ್ಲಿ 'ಅಪಾಯ ಹೆಚ್ಚಿಸಬಹುದು' ಎಂದಿರಬೇಕೇ? ಬಿಟ್ಟುಹೋದ ಕಾರಣಗಳು ಯಾವುವು? ಈ ವಾಕ್ಯವನ್ನು ಆ ರೋಗ ಬಂದ ಮನೆಯ ಮಗು ಕೇಳಿದರೆ ಮನೆಗೆ ಹೋಗಿ ಏನು ಹೇಳುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಯೋಜನೆಯನ್ನು ವಾಪಸ್ ಕೊಡುತ್ತೇನೆ. ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಂಜೆಯ ಕೆಲಸ ಹೆಚ್ಚಾಗುತ್ತದೆ, ಅಷ್ಟೆ.